ಬಲಗಡೆಯ ಸೀಟು

ನನ್ನ ಗಂಡ ಸತ್ತ ಮರುದಿನ ಬೆಳಿಗ್ಗೆ ಎಂದಿನಂತೆ ಕಟ್ಟೆಯ ಮೇಲೆ ಕೂತು ಚಹಾ ಕೇಳಿದರು. ಮಾಡಿಕೊಟ್ಟೆ. ಸತ್ತವರು ಚಹಾ ಕುಡಿಯುವುದಿಲ್ಲ, ಬಟ್ಟಲನ್ನು ಕೈಯಲ್ಲಿ ಹಿಡಿದು ಅದು ಆರುವವರೆಗೆ ಸುಮ್ಮನೆ ಕೂತಿರುತ್ತಾರೆ. ಚೆಲ್ಲಲು ಮನಸ್ಸಾಗದೆ ಆರಿದ ಚಹಾವನ್ನು ನಾನೇ ಕುಡಿದೆ. ಹೆಸರಿಗೆ ಮೃತ್ಯುಂಜಯ, ಒಂದು ಸಣ್ಣ ಜ್ವರವನ್ನು ಜಯಿಸಲಿಕ್ಕಾಗಲಿಲ್ಲ. ಅವರು ಹೋದರು ಅಂತ ನಾನು ಹೇಳುವುದಿಲ್ಲ. ನಮ್ಮೂರಲ್ಲಿ ಸತ್ತವರು ತಾವಾಗಿ ಹೋಗುವುದಿಲ್ಲ. ಯಾರಾದರೂ ಕರೆದುಕೊಂಡು ಹೋಗಿ ಇಳಿಸಿ ಬರಬೇಕು.

ಕರೆದುಕೊಂಡು ಹೋಗುವುದು ಹಳೇ ಹತ್ತಿ ಜಿನ್ನಿನ ಹಿಂದಿರುವ ಹಾಲ್‌ನೊಳಗಿನ ಒಂದು ದೊಡ್ಡ ಪೆಟ್ಟಿಗೆಯಲ್ಲಿ. ಹಾಲ್‌ನ ಬೋರ್ಡಿನ ಮೇಲೆ ಫ್ಲೈಟ್ ಸಿಮ್ಯುಲೇಟರ್ ಎಂದು ಬರೆದಿದೆ, ಆದರೆ ಹಾಗೆ ಕರೆದವರನ್ನು ನಾನು ಕಂಡಿಲ್ಲ. ಒಳಗೆ ರಷ್ಯದ ಆಂಟೊನೊವ್ ವಿಮಾನದ ಮೂತಿ ಇದ್ದದ್ದು ಇದ್ದ ಹಾಗೆ ಕೂತಿದೆ. ಎರಡು ಸೀಟು, ಎರಡು ಹ್ಯಾಂಡಲ್, ಎದುರಿಗೆ ವೇಗ, ಎತ್ತರ ತೋರಿಸುವ ತುಂಬ ಗಡಿಯಾರಗಳು, ತಲೆಯ ಹತ್ತಿರ ರಬ್ಬರ್ ರೆಕ್ಕೆಯ ಪುಟ್ಟ ಫ್ಯಾನು. ಗಾಜಿನಾಚೆ ಪರದೆ, ಪರದೆಯ ಮೇಲೆ ಮೋಡ. ಗಡಿಯಾರಗಳನ್ನು ಕೂರಿಸಿದ ತಗಡಿಗೆ ಹಸಿರೂ ಅಲ್ಲದ ನೀಲಿಯೂ ಅಲ್ಲದ ಒಂದು ಬಣ್ಣ ಬಳಿದಿದ್ದಾರೆ. ಆ ಬಣ್ಣದ ಸೀರೆಯನ್ನು ನಮ್ಮೂರ ಅಂಗಡಿಯವರು ತರಿಸುವುದಿಲ್ಲ. ಪರ ಊರಿನ ಸೊಸೆ ತಿಳಿಯದೆ ಉಟ್ಟು ಬಂದರೆ ಅತ್ತೆಯಂದಿರು ಅಕ್ಷತೆಯ ಹೊತ್ತಿಗೇ ಅಳಲು ಶುರು ಮಾಡುತ್ತಾರೆ. ವಿಮಾನ ಅಡ್ಡಾದಿಡ್ಡಿಯಾದರೆ ಪೆಟ್ಟಿಗೆಯೊಳಗಿಂದ ಒಬ್ಬ ಹೆಂಗಸು ರಷ್ಯನ್ ಭಾಷೆಯಲ್ಲಿ ಎಚ್ಚರಿಸುತ್ತಾಳೆ. ಅವಳ ಮಾತು ಯಾರಿಗೂ ಅರ್ಥವಾಗುವುದಿಲ್ಲ, ಬೈಗುಳ ಎಂದು ಮಾತ್ರ ಎಲ್ಲರಿಗೂ ಗೊತ್ತು. ಯಾರೋ ಆ ಸ್ಪೀಕರಿಗೆ ಕುಂಕುಮ ಹಚ್ಚಿದ್ದಾರೆ.

ಹಾರಿಸುವವರು ಎಡಗಡೆ ಕೂರಬೇಕು, ಸತ್ತವರು ಬಲಗಡೆ. ಸತ್ತವರು ಬದುಕಿದ್ದಾಗ ಅವರ ಮನೆಯಲ್ಲಿ ಒಮ್ಮೆಯಾದರೂ ಉಂಡವರೇ ಹಾರಿಸಬೇಕು. ನನ್ನ ಗಂಡನಷ್ಟು ಚೆನ್ನಾಗಿ ಹಾರಿಸುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮೊದಲು ಇವರನ್ನು ಊಟಕ್ಕೆ ಕರೆಯುತ್ತಿದ್ದರು. ಇವರು ಕೈ ತೊಳೆದು ಎಲೆಯ ಮುಂದೆ ಕೂತರೆಂದರೆ ಒಳಮನೆಯಲ್ಲಿ ಮಲಗಿದ್ದವರಿಗೆ ಅರ್ಥವಾಗುತ್ತಿತ್ತು. ಊರಿನ ಎಲ್ಲ ಮನೆಯ ಹೋಳಿಗೆಯ ರುಚಿಯೂ ಇವರಿಗೆ ಗೊತ್ತು, ಆದರೆ ಸುಮ್ಮನೆ ಒಂದು ಹಬ್ಬಕ್ಕೆ ಕರೆದವರಿಲ್ಲ. ನಮ್ಮ ಮನೆಗಂತೂ ಊಟಕ್ಕೆ ಯಾರೂ ಬರುತ್ತಿರಲಿಲ್ಲ. ಇಂಥವನ ಮನೆಯ ಅನ್ನ ಯಾರಿಗೆ ಬೇಕು? ನಮ್ಮಲ್ಲಿ ಉಂಡವರೆಂದರೆ ಮೈದುನ ಸಂಗಣ್ಣ ಮತ್ತು ನಾನು. ಸಂಗಣ್ಣನಿಗೆ ಹಾರಿಸಲು ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕಲಿಸಿ ಎಂದು ಕೇಳಿದ್ದೆ. “ನಿನಗ್ಯಾಕ ಬೇಕ ಅದು, ಹೆಣದ ಕೆಲಸ,” ಎಂದು ಮುಖ ತಿರುಗಿಸಿದ್ದರು. ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಹಾಗೇ ಇತ್ತು.

ಇವರನ್ನು ಇಳಿಸಲು ಅವಸರವೂ ಇತ್ತು. ಸತ್ತವರು ಬರಬರುತ್ತ ಮರೆಯುತ್ತಾರೆ. ಮೊದಲು ಉಪ್ಪು ಖಾರ, ಆಮೇಲೆ ಓಣಿಯ ಹೆಸರು, ಆಮೇಲೆ ಮಂದಿ. ಎಲ್ಲ ಮರೆತ ಮೇಲೆ ಅವರನ್ನು ಇಳಿಸಲು ಯಾರಿಂದಲೂ ಆಗುವುದಿಲ್ಲ, ಏಕೆಂದರೆ ಇಳಿಯುವ ನೆಲ ಎಲ್ಲಿದೆ ಎಂಬುದು ಅವರೊಬ್ಬರಿಗೇ ಗೊತ್ತು. ನಮ್ಮ ವಿಮಾನದ ಎತ್ತರದ ಗಡಿಯಾರಕ್ಕೆ ಒಂದು ತಿರುಪಿದೆ. ಅದನ್ನು ತಿರುಗಿಸಿ, ಇಳಿಯಬೇಕಾದ ನೆಲವನ್ನೇ ಸೊನ್ನೆ ಮಾಡಿಕೊಳ್ಳಬೇಕು. ಮೋಡದೊಳಗೆ ಹೋದ ಮೇಲೆ ಸತ್ತವರು ತಾವಾಗಿ ಕೈ ಚಾಚಿ ತಿರುಪು ಮುಟ್ಟುತ್ತಾರೆ, ಅವರ ಬೆರಳಿಗೆ ತಿಳಿಯುತ್ತದೆ. ಆಮೇಲೆ ಎಡಗಡೆಯವರ ಕೆಲಸ ಮುಳ್ಳು ಸೊನ್ನೆಗೆ ಬರುವವರೆಗೆ ಮೆಲ್ಲಗೆ ಇಳಿಸುವುದು. ಪಕ್ಕದ ಮನೆಯ ಬಸಲಿಂಗವ್ವ ತನ್ನ ತಂದೆ ಹಾಲಪ್ಪನನ್ನು ಇನ್ನಷ್ಟು ದಿನ ಇರಲಿ, ಇನ್ನಷ್ಟು ದಿನ ಇರಲಿ ಎಂದು ಇಟ್ಟುಕೊಂಡಳು. ಕೊನೆಗೆ ಕರೆದೊಯ್ದಾಗ ಆತ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮೋಡ ನೋಡುತ್ತ ಕೂತುಬಿಟ್ಟ. ಈಗ ಆತ ಆಕೆಯ ಅಡುಗೆಮನೆಯ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ. ಕೂರುವುದು ಹೇಗೆಂದೂ ಮರೆತಿದ್ದಾನೆ. ಬಸಲಿಂಗವ್ವ ಆತನ ಸುತ್ತ ಬಳಸಿಕೊಂಡು ಒಲೆಗೆ ಹೋಗುತ್ತಾಳೆ.

ಮೊದಲು ಸಂಗಣ್ಣ ಬಂದ. ಅವನು ಕಲಿತದ್ದು ಪೇಟೆಯಲ್ಲಿ ಹೊಸದಾಗಿ ಶುರುವಾದ ಹಾಲ್‌ನಲ್ಲಿ. ಅಲ್ಲಿನ ಪೆಟ್ಟಿಗೆ ರಷ್ಯದ್ದಲ್ಲ, ಗಡಿಯಾರವೆಲ್ಲ ಟೀವಿಯಂತೆ ಮಿನುಗುತ್ತವೆ. ಹುಡುಗರು ಆಡಲು ಹೋಗುತ್ತಾರೆ, ಆದರೆ ಅದರಿಂದ ಒಬ್ಬ ಸತ್ತವನೂ ಇಳಿದದ್ದಿಲ್ಲ. ಅದರಲ್ಲಿ ಎತ್ತರ ಸಮುದ್ರದಿಂದ ಲೆಕ್ಕವಂತೆ. ನಮ್ಮೂರಲ್ಲಿ ಸಮುದ್ರ ಯಾರು ನೋಡಿದ್ದಾರೆ?

“ವೈನಿ, ನೀವೇನ್ ಚಿಂತಿ ಮಾಡಬ್ಯಾಡ್ರಿ. ವಿಮಾನ ಅಂದ್ರ ವಿಮಾನ,” ಎಂದ ಸಂಗಣ್ಣ.

ಅವನು ಎಡಗಡೆ ಕೂತ, ಇವರು ಬಲಗಡೆ. ನಾನು ಹಿಂದೆ ನಿಂತೆ. ಮೋಡ ಹೊಕ್ಕ ಸ್ವಲ್ಪ ಹೊತ್ತಿಗೇ ವಿಮಾನ ಒಂದು ಮಗ್ಗುಲಿಗೆ ವಾಲಿತು. ಹೊಸ ಪೆಟ್ಟಿಗೆಯ ದಿಗಂತದ ಗಡಿಯಾರದಲ್ಲಿ ವಿಮಾನದ ಗುರುತು ಅಲುಗದೆ ಇರುತ್ತದೆ, ನೆಲದ ಗೆರೆ ವಾಲುತ್ತದೆ. ನಮ್ಮದರಲ್ಲಿ ನೆಲದ ಗೆರೆ ವಾಲುವುದಿಲ್ಲ, ಪುಟ್ಟ ವಿಮಾನ ವಾಲುತ್ತದೆ. ಸಂಗಣ್ಣ ಪುಟ್ಟ ವಿಮಾನ ಎಡಕ್ಕೆ ವಾಲಿದ್ದನ್ನು ನೋಡಿ, ಅದನ್ನೇ ನೆಲದ ಗೆರೆಯೆಂದುಕೊಂಡು, ವಿಮಾನ ಬಲಕ್ಕೆ ವಾಲಿದೆಯೆಂದು ತಿಳಿದು, ಸರಿಮಾಡಲು ಇನ್ನೂ ಎಡಕ್ಕೆ ತಿರುಗಿಸಿದ. ಪೆಟ್ಟಿಗೆಯ ಹೆಂಗಸು ಬೈಯತೊಡಗಿದಳು. “ಉಲ್ಟಾ ತಿರಗಸಲೇ, ಉಲ್ಟಾ,” ಎಂದರು ಇವರು. ಅವನು ಗಾಬರಿಯಲ್ಲಿ ಇನ್ನಷ್ಟು ಎಡಕ್ಕೆ ಎಳೆದ. ಪರದೆ ಕಪ್ಪಾಯಿತು.

ಹಾಗೆ ಬಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಬಾಗಿಲು ತೆಗೆದರೆ ಅದೇ ಹಾಲ್, ಅದೇ ಸ್ಟೂಲಿನ ಮೇಲೆ ಹಾಲ್ ನೋಡಿಕೊಳ್ಳುವ ದಸ್ತಗೀರಸಾಬರು. ಸತ್ತವರನ್ನು ಕರೆದುಕೊಂಡು ಮನೆಗೆ ನಡೆಯಬೇಕು. ಸಂಗಣ್ಣ ದಾರಿಯುದ್ದಕ್ಕೂ ಅತ್ತ. ಇವರು ಅವನ ಬೆನ್ನು ತಟ್ಟಿ, “ಕೈಗೆ ಒಂದು ರೂಢಿ ಬಿದ್ದಮ್ಯಾಲ ಮುಗೀತು ತಮ್ಮಾ, ನಿನ್ನ ಕೈಯಿಂದ ಆಗಂಗಿಲ್ಲ,” ಎಂದರು. ಆಮೇಲೆ ನನ್ನ ಕಡೆ ನೋಡಿದರು. ಯಾವ ರೂಢಿಯೂ ಇಲ್ಲದ ಕೈ ಮನೆಯಲ್ಲಿ ನನ್ನದೊಂದೇ ಇತ್ತು.

“ಅಂತೂ ನನಗ ಕಲಸೂದು ಈಗ ನೆನಪಾತೇನು?” ಎಂದೆ ನಾನು.

“ಸತ್ತಮ್ಯಾಲರ ಬೈಬ್ಯಾಡ,” ಎಂದರು.

ಹೀಗೆ ನನ್ನ ಕಲಿಕೆ ಶುರುವಾಯಿತು. ದಿನಾ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಇಬ್ಬರೂ ಹಾಲ್‌ಗೆ ಹೋಗುತ್ತಿದ್ದೆವು. ಕಲಿಯುವಾಗ ಮೋಡದಾಚೆಗೆ ಹೋಗುವುದಿಲ್ಲ. ನಮ್ಮೂರ ಬಯಲಿನಿಂದಲೇ ಏರಿ, ಒಂದು ಸುತ್ತು ಹಾಕಿ, ಅಲ್ಲೇ ಇಳಿಯುವುದು. ಗಡಿಯಾರಗಳ ಮೇಲಿನ ಅಕ್ಷರ ನನಗೆ ಓದಲು ಬರುವುದಿಲ್ಲ. ಕನ್ನಡದಲ್ಲಿ ಚೀಟಿ ಅಂಟಿಸೋಣ ಎಂದರೆ ಒಪ್ಪಲಿಲ್ಲ. “ನಮ್ಮವ್ವನ್ನ ನೀ ಹೆಸರು ಓದಿ ಗುರುತ ಹಿಡೀತಿದ್ದೀ ಏನು? ಮಾರಿ ನೋಡಿ ಹಿಡಿ,” ಎಂದರು. ಅತ್ತೆಯ ಮುಖ ನೆನಪಿಸಿದ್ದು ತಪ್ಪಾಯಿತು. ಸಿಡುಕುವ ಮುಳ್ಳಿನ ವೇಗದ ಗಡಿಯಾರಕ್ಕೆ ನಾನು ಅವತ್ತಿನಿಂದ ಅತ್ತೆ ಎಂದೇ ಹೆಸರಿಟ್ಟೆ. ಇವರು ನಕ್ಕರು. ಬದುಕಿದ್ದಾಗ ನನ್ನ ಮಾತಿಗೆ ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

“ಗೆರಿ ನೋಡಬ್ಯಾಡ ಕಸ್ತೂರಿ. ಗೆರಿ ಅಂದ್ರ ಭೂಮಿ, ಅದು ಇದ್ದಲ್ಲೇ ಇರ್ತೈತಿ. ವಾಲಾಕತ್ತಾಕಿ ನೀನು. ನಿನ್ನ ನೀ ನೋಡ್ಕೋ.”

“ಜೀವನಪೂರ್ತಿ ನಿಮ್ಮನ್ನ ನೋಡ್ಕೋತ ಬಂದೇನಿ. ಈಗ ಒಮ್ಮಿಂದೊಮ್ಮೆಲೆ ನನ್ನ ನೋಡ್ಕೋ ಅಂದ್ರ ಹೆಂಗ?”

ಬೇಗ ಬೇಗ ಕಲಿತೆ ಎಂದರೆ ಸುಳ್ಳಾಗುತ್ತದೆ. ಏರುವುದು ಬಂತು, ತಿರುಗುವುದು ಬಂತು. ಇಳಿಯುವುದು ಬರಲಿಲ್ಲ. ನೆಲ ಹತ್ತಿರ ಬಂದ ಹಾಗೆ ನನ್ನ ಕೈ ಹ್ಯಾಂಡಲನ್ನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು, ವಿಮಾನ ಮೂತಿ ಎತ್ತಿ ನಿಂತು ದೊಪ್ಪನೆ ಬೀಳುತ್ತಿತ್ತು. ಪರದೆ ಕಪ್ಪಾದಾಗ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಖುಷಿ. ಬಿದ್ದೆವೆಂದರೆ ಇಬ್ಬರೂ ಜೊತೆಗೇ ಮನೆಗೆ ಹೋಗುತ್ತೇವೆ. ಸಂತೆಯಲ್ಲಿ ಬದನೆಕಾಯಿ ಕೊಳ್ಳುತ್ತೇವೆ, ಅವರು ಚಹಾ ಹಿಡಿದು ಕೂರುತ್ತಾರೆ, ನಾನು ಆರಿದ ಮೇಲೆ ಕುಡಿಯುತ್ತೇನೆ. ಬದುಕಿದ್ದಾಗ ಯಾವತ್ತೂ ಅವರು ಮಧ್ಯಾಹ್ನಗಳನ್ನು ನನ್ನ ಜೊತೆ ಕಳೆದವರಲ್ಲ. ನನಗೆ ಅವರು ಸಿಕ್ಕಿದ್ದೇ ಸತ್ತ ಮೇಲೆ. ಯಾಕೆ ಬಿಟ್ಟುಕೊಡಬೇಕು ಎಂದು ಅನ್ನಿಸುತ್ತಿತ್ತು.

ಅವರಿಗೆ ಗೊತ್ತಾಗಿತ್ತು. ಒಂದು ದಿನ ಮನೆಗೆ ಬರುವ ದಾರಿಯಲ್ಲಿ, “ನೀ ಬೇಕಂತ ಬೀಳಸಾಕತ್ತೀ,” ಎಂದರು.

“ನನಗ ಬರಂಗಿಲ್ಲ, ಏನ ಮಾಡ್ಲಿ?”

“ಬಸಲಿಂಗವ್ವನ ಅಡಗಿಮನಿ ನೋಡೀಯಲ್ಲ,” ಎಂದರು ಅಷ್ಟೇ. ಸಿಟ್ಟು ಇರಲಿಲ್ಲ ಅವರ ದನಿಯಲ್ಲಿ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಮರೆವು ಶುರುವಾಗಿತ್ತು. ನಮ್ಮ ಓಣಿಯಲ್ಲಿ ಅವರು ಬೇರೆ ಮನೆಯ ಮುಂದೆ ನಿಲ್ಲುತ್ತಿದ್ದರು. ಸಂಗಣ್ಣನನ್ನು ಕಂಡು, ಯಾರೋ ಹಿರಿಯರೆಂದು ತಿಳಿದು, ಎದ್ದು ನಿಂತು ಜಾಗ ಕೊಟ್ಟರು. ಗಡಿಯಾರಗಳನ್ನು ಮಾತ್ರ ಮರೆತಿರಲಿಲ್ಲ. ಒಂದೊಂದರ ಮುಖದ ಮೇಲೂ ಬೆರಳಿಟ್ಟು ಹೇಳುತ್ತಿದ್ದರು. ಅದನ್ನು ನೋಡಿ ಇನ್ನೂ ಹೊತ್ತಿದೆ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ.

ಒಂದು ದಿನ ಬೆಳಿಗ್ಗೆ ಅವರ ಮುಂದೆ ತಟ್ಟೆ ಇಟ್ಟೆ. ಉಣ್ಣುವುದಿಲ್ಲ, ಆದರೂ ಇಡುವುದು ಪದ್ಧತಿ, ಆಮೇಲೆ ಆಕಳಿಗೆ ಹಾಕುತ್ತೇವೆ. ಅವರು ಅಂಗಿಯ ತೋಳು ಮಡಚಿಕೊಂಡು, ತಟ್ಟೆಗೆ ಕೈ ಮುಗಿದು, ಮನೆಯ ಸುತ್ತ ಕಣ್ಣಾಡಿಸಿದರು. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು.

“ಯಾರಿಗೆ ಹುಷಾರಿಲ್ಲರಿ, ತಂಗಿ? ಒಳಗ ಮಲಗ್ಯಾರೇನು?”

ತಾವು ಯಾರದೋ ಮನೆಗೆ ಊಟಕ್ಕೆ ಬಂದಿದ್ದೇವೆಂದು ತಿಳಿದಿದ್ದರು. ನನ್ನ ಮುಖ ಸಪ್ಪಗಾದದ್ದು ನೋಡಿ, “ಚಿಂತಿ ಮಾಡಬ್ಯಾಡ್ರಿ. ಕುಲುಕಾಡದಂಗ ಕರಕೊಂಡು ಹೋಗ್ತೀನಿ,” ಎಂದರು. ಊರಿಗೆಲ್ಲ ಹೀಗೇ ಹೇಳುತ್ತಿದ್ದರೇನೋ, ನನಗೆ ಗೊತ್ತಿರಲಿಲ್ಲ. ಇಷ್ಟು ಮೆತ್ತಗಿನ ದನಿ ಇವರಲ್ಲಿ ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಅತ್ತುಬಂದೆ. ಆಮೇಲೆ ತಲೆ ಬಾಚಿಕೊಂಡು, “ಬರ್ರಿ, ಹೋಗೂಣು,” ಎಂದೆ.

ಹಾಲ್‌ನ ಬಾಗಿಲಲ್ಲಿ ದಸ್ತಗೀರಸಾಬರು ಎಂದಿನಂತೆ ಕೇಳಿದರು. “ತಂಗಿ, ಇವತ್ತ ಕಲಿಯಾಕೋ, ಕಳಸಾಕೋ?”

“ಕಳಸಾಕ,” ಎಂದೆ.

ಅವರು ಸ್ಟೂಲಿನಿಂದ ಎದ್ದು ನಿಂತರು. ಇವರ ಹತ್ತಿರ ಬಂದು ಕೈ ಹಿಡಿದುಕೊಂಡರು. ಇವರು ಬಹಳ ಮರ್ಯಾದೆಯಿಂದ, “ತಾವು ಪೇಶಂಟಿನ ಕಡೆಯವರೇನ್ರಿ?” ಎಂದು ಕೇಳಿದರು.

ಎಡಗಡೆಯ ಸೀಟಿಗೆ ಅವರೇ ಹೋಗಲು ನೋಡಿದರು. ನಾನು ಮುಂದಾಗಿ ಕೂತುಬಿಟ್ಟೆ. ಸ್ವಲ್ಪ ಹೊತ್ತು ಗೊಂದಲದಲ್ಲಿ ನಿಂತಿದ್ದು, ಇದೂ ಒಂದು ರೀತಿ ಎಂಬಂತೆ ಬಲಗಡೆ ಕೂತರು. ಎಂಜಿನ್ ಶುರು ಮಾಡಿದೆ. ರಬ್ಬರ್ ಫ್ಯಾನು ತಿರುಗತೊಡಗಿತು. ಬಯಲು ಹಿಂದೆ ಓಡಿತು, ಊರು ಕೆಳಗಾಯಿತು, ಮೋಡ ಬಂತು. ಬಲಗಡೆಯ ಹ್ಯಾಂಡಲ್ ನನ್ನ ಹ್ಯಾಂಡಲಿನ ಜೊತೆಗೇ ಅಲುಗುತ್ತದೆ. ಅದರ ಮೇಲೆ ಕೈಯಿಟ್ಟ ಕೂಡಲೇ ಅವರ ಮುಖ ತಿಳಿಯಾಯಿತು. ತಾವೇ ಹಾರಿಸುತ್ತಿದ್ದೇವೆಂದು ತಿಳಿದರು. ಪಕ್ಕದಲ್ಲಿ ಕೂತ ಹೆಂಗಸನ್ನು, ಅಂದರೆ ನನ್ನನ್ನು, ಇಳಿಸಿ ಬರಲು ಹೊರಟಿದ್ದೇವೆಂದು ತಿಳಿದರು.

ಇಳಿಯುವ ಹೊತ್ತಾಯಿತು. ಎಂಜಿನ್ ತಗ್ಗಿಸಿದೆ. ಅವರ ಕೈ ತಿರುಪಿನ ಕಡೆ ಹೋಗಬೇಕಿತ್ತು, ಹೋಗಲಿಲ್ಲ. ಅವರು ನನ್ನ ಕಡೆ ತಿರುಗಿ ಕಾಯುತ್ತಿದ್ದರು.

“ತಿರಗಸ್ರಿ ತಂಗಿ,” ಎಂದರು. “ಹೆದರಬ್ಯಾಡ್ರಿ. ನಿಮ್ಮ ನೆಲ ಎಲ್ಲೈತಿ ನಿಮಗಷ್ಟ ಗೊತ್ತು.”

ಕೆಳಗೆ ಬರೀ ಮೋಡ. ಎತ್ತರದ ಮುಳ್ಳು ನಮ್ಮೂರ ಬಯಲಿನ ಲೆಕ್ಕ ಹೇಳುತ್ತಿತ್ತು, ಅಲ್ಲಿ ಅದಕ್ಕೆ ಅರ್ಥವಿಲ್ಲ. ನೀವು ಸತ್ತಿದ್ದೀರಿ, ನಾನಲ್ಲ, ನೀವೇ ತಿರುಗಿಸಬೇಕು ಎಂದು ಕೂಗಬೇಕೆನ್ನಿಸಿತು. ಕೂಗಿದರೆ ಅವರು ಗಾಬರಿಯಾಗುತ್ತಾರೆ, ಗಾಬರಿಯಾದರೆ ತಮ್ಮ ನೆಲವೂ ಮರೆತುಹೋಗುತ್ತದೆ.

“ನನಗ ಬರಂಗಿಲ್ರಿ. ನೀವ ತಿರಗಸ್ರಿ,” ಎಂದೆ.

“ಛೆ ಛೆ, ಅದು ಆಗಂಗಿಲ್ಲ. ನಿಮ್ಮ ನೆಲ ನನಗೇನ ಗೊತ್ತು?”

“ಹಂಗಾರ ಹೆಂಗಂತ ತೋರಸ್ರಿ. ನೀವ ಸತ್ತಿದ್ರಿ ಅಂತ ತಿಳಕೋರಿ. ನಿಮ್ಮ ನೆಲ ಆಗಿದ್ರ ಎಲ್ಲಿಗೆ ತಿರಗಸ್ತಿದ್ರಿ?”

ಅವರು ನಕ್ಕುಬಿಟ್ಟರು. ನನಗೆ ಕಲಿಸತೊಡಗಿದಾಗಿನಿಂದ ಕಲಿಸುವುದೆಂದರೆ ಅವರಿಗೆ ಹುಚ್ಚು. “ನಂದಾಗಿದ್ರ ಏನು,” ಎನ್ನುತ್ತ ಕೈ ಚಾಚಿ ತಿರುಪು ಹಿಡಿದರು. ಮುಳ್ಳು ಜಾರತೊಡಗಿತು. ಬೆರಳು ಒಂದು ಕಡೆ ನಿಂತಿತು, ಸ್ವಲ್ಪ ಹಿಂದೆ ಬಂತು, ಮತ್ತೆ ನಿಂತಿತು. “ಇಲ್ಲಿ ನೋಡ್ರಿ. ಇಷ್ಟ ಸರಳ ಐತಿ,” ಎಂದು ಕೈ ತೆಗೆದರು. ನಾನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದಿದ್ದರೆ ಅವರ ಮುಖ ನೋಡಬೇಕಾಗುತ್ತಿತ್ತು.

ಇಳಿಯುತ್ತ ಇಳಿಯುತ್ತ ಅವರು ನನ್ನನ್ನು ಮಾತಾಡಿಸುತ್ತಲೇ ಇದ್ದರು. ಸತ್ತವರಿಗೆ ಭಯವಾಗದಿರಲೆಂದು ಎಲ್ಲರನ್ನೂ ಹೀಗೇ ಮಾತಾಡಿಸುತ್ತಿದ್ದಿರಬೇಕು.

“ಮನಿಯಾಗ ಯಾರ ಅದಾರ್ರಿ ಹಿಂದ?”

“ನನ್ನ ಗಂಡ ಅದಾನ್ರಿ.”

“ಛಲೋ ಮನಿಶ್ಯಾನ?”

“ಒರಟ ಮನಿಶ್ಯಾ. ಊರ ಮಂದಿಗೆ ಛಲೋ ಆಗಿದ್ದ. ಇತ್ತೀಚಿಗೆ ನನಗೂ ಛಲೋ ಆಗಿದ್ದ.”

“ಹಂಗಾರ ಅವಂಗ ಭಾಳ ತ್ರಾಸ ಆಗ್ತೈತಿ,” ಎಂದರು. ಮುಳ್ಳಿನ ಕಡೆ ಒಮ್ಮೆ ನೋಡಿ, “ಇರ್ಲಿ. ರೂಢಿ ಆಗ್ತೈತಿ,” ಎಂದು ಸೇರಿಸಿದರು.

ಮುಳ್ಳು ಸೊನ್ನೆಯ ಹತ್ತಿರ ಬಂದರೂ ಮೋಡ ಚದುರಲಿಲ್ಲ. ನನ್ನ ಕೈಗಳು ಹ್ಯಾಂಡಲನ್ನು ತಮ್ಮ ಕಡೆ ಎಳೆದುಕೊಳ್ಳಲು ನೋಡಿದವು. ನಾನು ಬಿಡಲಿಲ್ಲ. ಕೊನೆಯ ಗಳಿಗೆಯಲ್ಲಿ ನೆಲ ಕಂಡಿತು, ಮೂತಿಯನ್ನು ಚೂರೇ ಚೂರು ಎತ್ತಿದೆ. ಚಕ್ರ ತಾಗಿದ್ದು ಗೊತ್ತೇ ಆಗಲಿಲ್ಲ. ನನ್ನ ಜನ್ಮದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಇಳಿತ ಅದು. ವಿಮಾನ ಓಡಿ ಓಡಿ ನಿಂತಿತು.

ಗಾಜಿನಾಚೆ ಕೊಯ್ಲು ಮುಗಿದ ಹೊಲದಂಥ ಬಯಲು. ಮಧ್ಯಾಹ್ನದ ಬೆಳಕು. ಒಂದೂ ಮರವಿರಲಿಲ್ಲ.

ಇನ್ನು ಬಾಗಿಲು. ಸರಿಯಾಗಿ ಇಳಿದಾಗ ಸೀಟಿನ ಹಿಂದಿನ ಬಾಗಿಲು ಹಾಲ್‌ಗೆ ತೆರೆಯುವುದಿಲ್ಲ, ಆ ಬಯಲಿಗೆ ತೆರೆಯುತ್ತದೆ. ಸತ್ತವರು ಇಳಿದ ಮೇಲೆ ಹಾರಿಸಿದವರು ಒಳಗಿನಿಂದ ಅದನ್ನು ಮುಚ್ಚಿ ಹಿಡಿದುಕೊಂಡರೆ ಮಾತ್ರ ಊರಿಗೆ ವಾಪಸ್ಸು. ಮುಚ್ಚದೆ ಇಳಿದುಹೋದವರೂ ಇದ್ದಾರೆ, ಅವರ ಮನೆಗಳು ಬೀಗ ಹಾಕಿಕೊಂಡು ನಿಂತಿವೆ. ನಾನು ಸೀಟಿನಲ್ಲೇ ಕೂತಿದ್ದೆ. ಹಾರಿಸಿದವನು ತಾನೆಂದು ತಿಳಿದವನು ಯಾಕೆ ಇಳಿಯುತ್ತಾನೆ ಎಂಬ ಯೋಚನೆ ಆಗಲೇ ನನಗೆ ಬಂದದ್ದು.

ಅವರೇ ಎದ್ದರು. “ಕೂಡ್ರಿ, ಬಾಗಲಾ ನಾ ತೆಗೀತೀನಿ,” ಎಂದರು. ಬಾಗಿಲು ತೆರೆದು ಏಣಿ ಇಳಿಬಿಟ್ಟು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ಕೈ ಚಾಚಿದರು. “ಬರ್ರಿ ತಂಗಿ, ಕೈ ಕೊಡ್ರಿ. ಮೆಟ್ಟಲಾ ಕಡಿದು ಅದಾವ.” ನಾನು ಏಣಿಯ ಹತ್ತಿರ ಹೋದೆ. ನನಗೆ ಇನ್ನಷ್ಟು ಜಾಗ ಮಾಡಿಕೊಡಲು ಅವರು ಒಂದು ಮೆಟ್ಟಿಲು ಕೆಳಗಾದರು, ಮತ್ತೊಂದು ಮೆಟ್ಟಿಲು ಕೆಳಗಾದರು. ಅವರ ಕಾಲು ನೆಲಕ್ಕೆ ತಾಗಿತು. ಅದು ಅವರಿಗೆ ಗೊತ್ತಾಗಲಿಲ್ಲ. ಕೈ ಚಾಚಿಕೊಂಡೇ ನಿಂತಿದ್ದರು.

ಎಷ್ಟು ಹತ್ತಿರ ಇತ್ತು ಆ ಕೈ. ಹಿಡಿದುಬಿಟ್ಟಿದ್ದರೆ ಮುಗಿಯುತ್ತಿತ್ತು. ಹಿಡಿಯಬೇಕೆಂದು ನನ್ನ ಜೀವ ಹಾತೊರೆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಕರೆಯುತ್ತಿದ್ದದ್ದು ನನ್ನನ್ನಲ್ಲ. ಯಾರದೋ ಮನೆಯ ಸತ್ತ ಹೆಂಗಸನ್ನು. ನಾನು ಬಾಗಿಲು ಎಳೆದುಕೊಂಡೆ.

ತಗಡಿನಾಚೆಯಿಂದ ಅವರ ದನಿ ಬಂತು. “ತಂಗಿ, ಬಾಗಲಾ ತಾನ ಮುಚ್ಚಿಕೊಂಡತು. ಹೆದರಬ್ಯಾಡ್ರಿ. ಒಳಗ ಕೆಂಪು ಹಿಡಿ ಐತಿ ನೋಡ್ರಿ, ಅದನ್ನ ಮ್ಯಾಲ ಎತ್ರಿ, ಆಮ್ಯಾಲ ತಳ್ಳರಿ.”

ಆ ಹಿಡಿಯನ್ನು ಎರಡೂ ಕೈಯಿಂದ ಕೆಳಗೆ ಒತ್ತಿ ಹಿಡಿದುಕೊಂಡೆ.

“ಬರವಲ್ದೇನ್ರಿ? ಕೆಲವೊಮ್ಮೆ ಬಿಗಿ ಇರ್ತೈತಿ. ಅವಸರಿಲ್ಲ, ಮೆಲ್ಲಕ ಎತ್ರಿ. ನಿಮ್ಮನ್ನ ಇಳಿಸದ ನಾ ಹೋಗಂಗಿಲ್ಲ, ಇಲ್ಲೇ ನಿಂತಿರ್ತೀನಿ.”

“ಆಗಲಿರಿ,” ಎಂದೆ ನಾನು, ಹಿಡಿಯ ಮೇಲೆ ಮೈಭಾರ ಹಾಕಿ. ಬಾಗಿಲು ತೆಗೆಯುವ ಬಗೆಯನ್ನು ಅವರು ಹೊರಗೆ ನಿಂತು ಮತ್ತೆ ಮೊದಲಿನಿಂದ ಹೇಳಿಕೊಡತೊಡಗಿದರು.